ಪ್ರತಿಜೀವಕದ ಮುಂದೆ ಉಳಿದುಕೊಂಡವು

ಪ್ರತಿಜೀವಕವೊಂದು ಬ್ಯಾಕ್ಟೀರಿಯಾಗಳನ್ನು ಎಷ್ಟು ಬೇಗ ಕೊಲ್ಲುತ್ತದೆ ಎಂಬುದನ್ನು ಅರಿಯಲು, ಅವುಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಔಷಧಿ ಬೆರೆಸಿ, ಗಂಟೆಗಂಟೆಗೂ ಒಂದೊಂದು ಹನಿಯನ್ನು ತೆಗೆದು ಅಗಾರ್ ತಟ್ಟೆಯ ಮೇಲೆ ಹರಡುತ್ತಾರೆ. ಜೀವಂತವಾಗಿರುವ ಪ್ರತಿಯೊಂದು ಕೋಶವೂ ಮರುದಿನದ ಹೊತ್ತಿಗೆ ಕಣ್ಣಿಗೆ ಕಾಣುವ ಒಂದು ಚುಕ್ಕೆಯಾಗಿ ಬೆಳೆಯುವುದರಿಂದ, ಚುಕ್ಕೆಗಳನ್ನು ಎಣಿಸಿದರೆ ಆಯಾ ಗಂಟೆಯಲ್ಲಿ ಬದುಕಿದ್ದವುಗಳ ಲೆಕ್ಕ ಸಿಗುತ್ತದೆ. ಈ ಲೆಕ್ಕವನ್ನು ಕಾಲಕ್ಕೆ ಎದುರಾಗಿ ಗುರುತಿಸಿದಾಗ ಮೂಡುವ ರೇಖೆಯೇ ಹನನ ರೇಖೆ.

ಔಷಧಿಯಿಲ್ಲದ ದ್ರವದಲ್ಲಿ ಈ ರೇಖೆ ಕಡಿದಾಗಿ ಮೇಲೇರುತ್ತದೆ. ಅನುಕೂಲಕರ ಪರಿಸರದಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಆಹಾರ ಸಾಲುವಷ್ಟಿದ್ದರೆ ಒಂದೇ ಕೋಶದ ಸಂತತಿ 10 ಗಂಟೆಗಳಲ್ಲಿ 100 ಕೋಟಿಯನ್ನು ದಾಟಬಲ್ಲದು. ಟೆಟ್ರಾಸೈಕ್ಲಿನ್ ಬೆರೆಸಿದಾಗ ಪ್ರೋಟೀನ್ ತಯಾರಿಕೆ ನಿಂತು ರೇಖೆ ಬಹುಮಟ್ಟಿಗೆ ಸಮತಟ್ಟಾಗುತ್ತದೆ, ಅಂದರೆ ಬ್ಯಾಕ್ಟೀರಿಯಾಗಳು ಸಾಯುವುದಕ್ಕಿಂತ ಹೆಚ್ಚಾಗಿ ಬೆಳವಣಿಗೆಯನ್ನು ನಿಲ್ಲಿಸುತ್ತವೆ. ಉಳಿದ ಕೆಲಸ ದೇಹದ ರೋಗನಿರೋಧಕ ವ್ಯವಸ್ಥೆಯದು. 24 ಗಂಟೆಗಳಲ್ಲಿ ಶೇ. 99.9ರಷ್ಟನ್ನು ಕೊಲ್ಲುವ ಔಷಧಿಗಳನ್ನು ಬ್ಯಾಕ್ಟೀರಿಯಾನಾಶಕಗಳೆಂದು ವರ್ಗೀಕರಿಸುತ್ತಾರೆ. ಈ ವಿಂಗಡಣೆ ಪೂರ್ಣ ಖಚಿತವಾದುದಲ್ಲ: ಅನೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನಷ್ಟೇ ತಡೆಯುವ ಕ್ಲೋರಾಂಫೆನಿಕಾಲ್ ನ್ಯುಮೋಕಾಕಸನ್ನು ಕೊಲ್ಲುತ್ತದೆ.

ಪೆನಿಸಿಲಿನ್ನಿನ ವರ್ತನೆ ಇವೆಲ್ಲಕ್ಕಿಂತ ಸ್ವಾರಸ್ಯಕರವಾದುದು. ಬೆಳೆಯುವ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿಯನ್ನು ಅಲ್ಲಲ್ಲಿ ಕತ್ತರಿಸುತ್ತ, ಹೊಸ ಎಳೆಗಳನ್ನು ಸೇರಿಸಿ ಬೆಸೆಯುತ್ತ ಹಿಗ್ಗಬೇಕು; ಪೆನಿಸಿಲಿನ್ ಬೆಸೆಯುವ ಕಿಣ್ವಗಳನ್ನು ತಡೆಯುತ್ತದೆಯಾದರೂ ಕತ್ತರಿಸುವ ಕಿಣ್ವಗಳನ್ನು ತಡೆಯುವುದಿಲ್ಲವಾದ್ದರಿಂದ, ಭಿತ್ತಿ ದುರ್ಬಲಗೊಂಡು ಕೋಶ ಒಳಗಿನ ಒತ್ತಡಕ್ಕೆ ಒಡೆಯುತ್ತದೆ. ಆದ್ದರಿಂದ ಈ ಔಷಧಿ ಮುಖ್ಯವಾಗಿ ಬೆಳೆಯುತ್ತಿರುವ ಕೋಶಗಳನ್ನೇ ಕೊಲ್ಲುತ್ತದೆ. ಗ್ಲಾಡಿಸ್ ಹಾಬಿ ಮತ್ತು ಸಹೋದ್ಯೋಗಿಗಳು 1942ರಲ್ಲೇ ಇದನ್ನು ಗುರುತಿಸಿದ್ದರು. ಬೆಳವಣಿಗೆಯನ್ನು ತಡೆಯುವ ಇನ್ನೊಂದು ಔಷಧಿಯನ್ನು ಜೊತೆಗೂಡಿಸಿದರೆ ಪೆನಿಸಿಲಿನ್ನಿನ ಶಕ್ತಿಯೇ ಕುಗ್ಗಬಹುದು. ನ್ಯುಮೋಕಾಕಸ್‌ನಿಂದ ಬರುವ ಮೆದುಳುಪೊರೆಯ ಉರಿಯೂತದಲ್ಲಿ, ಪೆನಿಸಿಲಿನ್ ಮಾತ್ರ ಪಡೆದವರಿಗಿಂತ ಅದರೊಡನೆ ಕ್ಲೋರ್‌ಟೆಟ್ರಾಸೈಕ್ಲಿನ್ನನ್ನೂ ಪಡೆದವರಲ್ಲಿ ಸಾವು ಹೆಚ್ಚಿತ್ತೆಂಬುದನ್ನು 1951ರಲ್ಲಿ ಲೆಪ್ಪರ್ ಮತ್ತು ಡೌಲಿಂಗ್ ವರದಿ ಮಾಡಿದರು.

ಪ್ರಮಾಣವನ್ನು ಏರಿಸಿದ ಮಾತ್ರಕ್ಕೆ ಹನನ ಚುರುಕಾಗುತ್ತದೆಂದೂ ಹೇಳಲಾಗದು. ಜೆಂಟಾಮೈಸಿನ್ನಿನ ಸಾಂದ್ರತೆ ಹೆಚ್ಚಿದಷ್ಟೂ ಅದು ಬೇಗ ಕೊಲ್ಲುತ್ತದೆ, ಪೆನಿಸಿಲಿನ್ ಹಾಗಲ್ಲ. ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಸಾಂದ್ರತೆಯ ಕೆಲವು ಪಟ್ಟನ್ನು ದಾಟಿದ ಮೇಲೆ ಅದರ ವೇಗ ಹೆಚ್ಚುವುದಿಲ್ಲ; ರಕ್ತದಲ್ಲಿ ಅದು ಎಷ್ಟು ಹೊತ್ತು ಉಳಿಯುತ್ತದೆಂಬುದೇ ಮುಖ್ಯವಾಗುವುದರಿಂದ ಅದನ್ನು ದಿನಕ್ಕೆ ಹಲವು ಬಾರಿ ಕೊಡಬೇಕಾಗುತ್ತದೆ.

ಇಷ್ಟಾದರೂ ಹನನ ರೇಖೆ ಶೂನ್ಯವನ್ನು ಮುಟ್ಟುವುದು ಅಪರೂಪ. ಮೊದಲು ವೇಗವಾಗಿ ಇಳಿದು, ಕೊನೆಯಲ್ಲಿ ಬಾಗಿ, ನಿಧಾನಗೊಳ್ಳುತ್ತದೆ. 1944ರಲ್ಲಿ ಡಬ್ಲಿನ್‌ನ ಜೋಸೆಫ್ ಬಿಗ್ಗರ್, ಪೆನಿಸಿಲಿನ್ನಿಗೆ ಒಡ್ಡಿದ ಸ್ಟೆಫಿಲೋಕಾಕಸ್‌ಗಳಲ್ಲಿ ಅತ್ಯಲ್ಪ ಸಂಖ್ಯೆಯವು ಬದುಕುಳಿಯುವುದನ್ನು ಕಂಡು, ಅವುಗಳನ್ನು ಪರ್ಸಿಸ್ಟರ್‌ಗಳೆಂದು ಕರೆದರು. ಅವುಗಳ ಸಂತತಿಯನ್ನು ಬೆಳೆಸಿ ಮತ್ತೆ ಪೆನಿಸಿಲಿನ್ನಿಗೆ ಒಡ್ಡಿದಾಗ ಅದು ಮೊದಲಿನಂತೆಯೇ ಸತ್ತಿತು. ಹಾಗಾಗಿ ಇದು ವಂಶವಾಹಿಯಲ್ಲಿ ಬದಲಾವಣೆಯಾಗಿ ಪೀಳಿಗೆಯಿಂದ ಪೀಳಿಗೆಗೆ ಸಾಗುವ ಪ್ರತಿರೋಧವಲ್ಲ. 2004ರಲ್ಲಿ ನಥಾಲಿ ಬಾಲಬಾನ್ ಮತ್ತು ಸಂಗಡಿಗರು ಇ. ಕೋಲೈ ಕೋಶಗಳನ್ನು ಒಂದೊಂದಾಗಿ ಗಮನಿಸಿ, ಬದುಕುಳಿದವು ಔಷಧಿ ಬರುವ ಮೊದಲೇ ಬೆಳವಣಿಗೆಯನ್ನು ನಿಲ್ಲಿಸಿದ್ದವು ಅಥವಾ ತೀರ ನಿಧಾನಗೊಳಿಸಿದ್ದವು ಎಂಬುದನ್ನು ತೋರಿಸಿದರು.

ಎಲ್ಲ ಸೋಂಕುಗಳಿಗೂ ದೀರ್ಘ ಚಿಕಿತ್ಸೆ ಬೇಕೆಂದು ಇದರಿಂದ ಅರ್ಥವಾಗದು. ಹಲವು ಸಾಮಾನ್ಯ ಸೋಂಕುಗಳಿಗೆ ಕೆಲವೇ ದಿನಗಳ ಔಷಧಿ ಸಾಕು. ಕ್ಷಯರೋಗದ ಮಾತು ಬೇರೆ. ಐಸೋನಿಯಾಜಿಡ್ ಮೊದಲ ಎರಡು ದಿನಗಳಲ್ಲೇ ಕಫದಲ್ಲಿನ ಕ್ಷಯಾಣುಗಳ ಬಹುಭಾಗವನ್ನು ಕೊಲ್ಲುತ್ತದೆಯಾದರೂ, ನಿಧಾನವಾಗಿ ಅಥವಾ ಆಗೊಮ್ಮೆ ಈಗೊಮ್ಮೆ ಮಾತ್ರ ಬೆಳೆಯುವ ಉಳಿದವುಗಳನ್ನು ತೊಡೆದುಹಾಕಲು ರಿಫಾಂಪಿಸಿನ್ ಮತ್ತು ಪೈರಜಿನಮೈಡ್‌ಗಳ ನೆರವು ಬೇಕು. ಔಷಧಿಗೆ ಬಗ್ಗುವ ಸಾಮಾನ್ಯ ಶ್ವಾಸಕೋಶದ ಕ್ಷಯಕ್ಕೆ ಭಾರತದಲ್ಲಿ ಆರು ತಿಂಗಳ ಚಿಕಿತ್ಸೆ ಕೊಡುವುದು ಈ ಕಾರಣಕ್ಕಾಗಿಯೇ. ಕೆಮ್ಮು ನಿಂತಿತೆಂದು ರೋಗಿಗಳು ನಡುವೆಯೇ ಮಾತ್ರೆಗಳನ್ನು ನಿಲ್ಲಿಸಬಾರದು.