ಹನ್ನೆರಡರ ಪಟ್ಟಿಯಲ್ಲಿ ಯಾರಿಗೆ ಜಾಗ?

ಕೂಡ್ಲಿಗಿಯಲ್ಲಿ ಓದುವಾಗ ನಾನು ಕಬಡ್ಡಿಯಲ್ಲಿ ಎಡಮೂಲೆಯ ಆಟಗಾರ. ಒಂದು ಅಂತರ ಕಾಲೇಜು ಆಯ್ಕೆಯಲ್ಲಿ ಕೊಟ್ಟೂರು ಕಡೆಯ ಹುಡುಗನೊಬ್ಬ ಒಂದೇ ರೈಡಿಗೆ ಮೂವರನ್ನು ಔಟ್ ಮಾಡಿ, ಮೊಣಕೈ ತರಚಿಕೊಂಡು ಗೆರೆ ಮುಟ್ಟಿದ. ಸಂಜೆಯ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಆಯ್ಕೆ ಮಾಡಿದ ತರಬೇತುದಾರರ ಸ್ವಂತ ಶಿಷ್ಯರೇ ತುಂಬಿದ್ದರು. ನನಗೆ ಇಂದಿಗೂ ಸಿಟ್ಟಿದೆ.

ಕಬಡ್ಡಿ ತಂಡದಲ್ಲಿ 12 ಜನ, ಅಂಕಣದಲ್ಲಿ 7. ವರ್ಷವಿಡೀ ಕಂಡ ಹುಡುಗನ ಮೇಲೆ ಗುರುವಿಗೆ ನಂಬಿಕೆ ಬೆಳೆಯುವುದು ಸಹಜ. ಆದರೆ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವನಿಗೆ ಸಿಗುವುದು ಒಂದೆರಡು ಪಂದ್ಯ ಮಾತ್ರ. ಕ್ರೀಡಾ ಕೋಟಾದ ಸೀಟು ತಂಡದಲ್ಲಿ ಆಡಿದ ಪ್ರಮಾಣಪತ್ರವನ್ನೇ ಕೇಳುತ್ತದೆ.

2021ರಿಂದ ಈ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲಿವೆ. ಇಲ್ಲಿನ ಆಯ್ಕೆಗಳಲ್ಲಿ ಪ್ರತಿಯೊಬ್ಬನ ರೈಡ್, ಟ್ಯಾಕಲ್ ಅಂಕವನ್ನು ಅಂದೇ ಗೋಡೆಗೆ ಅಂಟಿಸಲಿ. ತನ್ನ ಕಾಲೇಜಿನ ಹುಡುಗ ಆಡುವಾಗ ಯಾವ ಆಯ್ಕೆಗಾರನೂ ಅಂಕ ಕೊಡದಿರಲಿ.