ರಾಟೆಯ ವ್ಯಾಸ ಮತ್ತು ಗಾಳಿಯ ಶಾಖ: ಸೂಪರ್‌ಚಾರ್ಜರಿನ ಚರಿತ್ರೆಯಲ್ಲಿ ಒಂದು ವಿವೇಚನೆ

ಮೋಟಾರು ಎಂಜಿನಿಗೆ ಹೆಚ್ಚಿನ ಬಲ ಬರಬೇಕಾದರೆ ಅದರ ಸಿಲಿಂಡರುಗಳಲ್ಲಿ ಹೆಚ್ಚು ಇಂಧನ ಉರಿಯಬೇಕು. ಹೆಚ್ಚು ಇಂಧನ ಉರಿಯಲು ಹೆಚ್ಚು ಗಾಳಿ ಬೇಕು. ಎಂಜಿನು ತಾನಾಗಿ ಹೀರುವ ಗಾಳಿ ಸಾಲದಾದಾಗ ಗಾಳಿಯನ್ನು ಒತ್ತಿ ತುಂಬುವ ಯಂತ್ರವೇ ಸೂಪರ್‌ಚಾರ್ಜರ್. ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನಿನ ಮುಖ್ಯದಂಡದಿಂದ ಬಂದ ಬೆಲ್ಟು ಇದನ್ನು ತಿರುಗಿಸುತ್ತದೆ. ಅದರ ಮೂತಿಯಲ್ಲಿರುವ ರಾಟೆಯನ್ನು, ಅಂದರೆ ಕಾರ್ಖಾನೆಯವರು ಪುಲ್ಲಿ ಎಂದು ಕರೆಯುವುದನ್ನು, ತೆಗೆದು ಚಿಕ್ಕದೊಂದನ್ನು ಹಾಕಿದರೆ ಯಂತ್ರ ಇನ್ನೂ ವೇಗವಾಗಿ ತಿರುಗಿ ಹೆಚ್ಚು ಗಾಳಿಯನ್ನು ತಳ್ಳುತ್ತದೆ. ವೇಗದ ಕಾರುಗಳ ಅಭಿಮಾನಿಗಳು ಕೈಗೊಳ್ಳುವ ಮಾರ್ಪಾಟುಗಳಲ್ಲಿ ಇದು ಬಹು ಸುಲಭವಾದುದು. ಬೇಕಾದುದು ಅಂಗೈಯಲ್ಲಿ ಹಿಡಿಯುವಷ್ಟು ಲೋಹ ಮಾತ್ರ. ಆದರೆ ಈ ಸುಲಭೋಪಾಯದಿಂದ ಪಿಸ್ಟನ್ನು ಸುಟ್ಟು ಎಂಜಿನು ಹಾಳಾಗುವುದೂ ಉಂಟು. ಯಂತ್ರಶಾಸ್ತ್ರವನ್ನು ಓದದ ಚರಿತ್ರೆಯ ಅಧ್ಯಾಪಕನೊಬ್ಬನು ಈ ವಿಷಯಕ್ಕೆ ಕೈಹಾಕಲು ಕಾರಣವಿಷ್ಟೆ: ಇದೇ ತೊಡಕನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲವರು ಎದುರಿಸಿ ಬಿಡಿಸಿದರು. ಆ ವೃತ್ತಾಂತವನ್ನು ತಿಳಿದವನು ರಾಟೆಯನ್ನು ಆರಿಸುವ ಬಗೆಯೇ ಬೇರೆ.

ಮೊದಲು ಲೆಕ್ಕವನ್ನು ನೋಡೋಣ. ರಾಟೆಯ ವ್ಯಾಸವನ್ನು ನೂರಕ್ಕೆ 15 ಕುಗ್ಗಿಸಿದರೆ ವೇಗವೂ ನೂರಕ್ಕೆ 15 ಹೆಚ್ಚುವುದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ಸುಮಾರು 17.6 ಹೆಚ್ಚುತ್ತದೆ. ಇದು ಸಣ್ಣ ತಪ್ಪು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ ಎಂಬುದನ್ನು ಮರೆಯುವುದು ದೊಡ್ಡ ತಪ್ಪು. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರ ಕೈಗೂ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಕಾದ ಗಾಳಿ ಹಿಗ್ಗುತ್ತದೆ; ಹಿಗ್ಗಿದ ಗಾಳಿಯಲ್ಲಿ ಅದೇ ಒತ್ತಡಕ್ಕೆ ಸಾಂದ್ರತೆ ಕಡಿಮೆ. ಎಂಜಿನಿಗೆ ಬೇಕಾದುದು ಸಾಂದ್ರತೆ, ಒತ್ತಡವಲ್ಲ.

ಹೊರಗಿನ ಗಾಳಿ 30° ಸೆಂಟಿಗ್ರೇಡ್ ಇದೆಯೆಂದೂ, ಸೂಪರ್‌ಚಾರ್ಜರ್ ಅದನ್ನು ವಾಯುಮಂಡಲದ 1.7 ಪಟ್ಟು ಒತ್ತಡಕ್ಕೆ ಏರಿಸುವುದೆಂದೂ, ಅದರ ದಕ್ಷತೆ ನೂರಕ್ಕೆ 60 ಎಂದೂ ಇಟ್ಟುಕೊಳ್ಳೋಣ. ಆಗ ಹೊರಬರುವ ಗಾಳಿಯ ಉಷ್ಣತೆ ಸುಮಾರು 113°. ಸಾಂದ್ರತೆಯಾದರೋ 1.7 ಪಟ್ಟಾಗದೆ 1.33 ಪಟ್ಟು ಮಾತ್ರ ಆಗುತ್ತದೆ. ಈಗ ಚಿಕ್ಕ ರಾಟೆಯನ್ನು ಹಾಕಿ ಒತ್ತಡವನ್ನು 1.9 ಪಟ್ಟಿಗೆ ಏರಿಸೋಣ. ವೇಗದ ಅತಿರೇಕದಿಂದ ದಕ್ಷತೆ 55ಕ್ಕೆ ಇಳಿಯಿತೆನ್ನೋಣ. ಉಷ್ಣತೆ 141° ಆಗುತ್ತದೆ, ಸಾಂದ್ರತೆ 1.39 ಪಟ್ಟು. ಒತ್ತಡಮಾಪಕದ ಮುಳ್ಳು ಚದರ ಅಂಗುಲಕ್ಕೆ ಮೂರು ಪೌಂಡಿನಷ್ಟು ಮೇಲೇರಿದುದನ್ನು ಕಂಡು ಕಾರಿನ ಯಜಮಾನನು ಹಿಗ್ಗುತ್ತಾನೆ. ಅವನಿಗೆ ದೊರೆತ ಹೊಸ ಗಾಳಿ ನೂರಕ್ಕೆ ನಾಲ್ಕು ಭಾಗವಷ್ಟೆ. ಇದರಲ್ಲಿಯೂ ಸೂಪರ್‌ಚಾರ್ಜರನ್ನು ತಿರುಗಿಸಲು ತಗಲುವ ಹೆಚ್ಚಿನ ಬಲವನ್ನು ಕಳೆಯಬೇಕು. ಇನ್ನು 28° ಹೆಚ್ಚಿನ ಶಾಖವೋ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿ ಜ್ವಾಲೆ ಮುಟ್ಟುವ ಮೊದಲೇ ಇಂಧನದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವ ಪಿಡುಗು ಇದೇ. ಪಿಸ್ಟನ್ನುಗಳನ್ನು ಹಾಳುಮಾಡುವುದೂ ಇದೇ.

ಇದಕ್ಕೆ ಪ್ರತಿಯಾಗಿ, ಒತ್ತಡವನ್ನು 1.7ರಲ್ಲಿಯೇ ನಿಲ್ಲಿಸಿ, ಗಾಳಿಯನ್ನು ಶೀತಕವೊಂದರ ಮೂಲಕ ಹಾಯಿಸಿ 60°ಗೆ ಇಳಿಸಿದರೆ ಸಾಂದ್ರತೆ ಸುಮಾರು 1.55 ಪಟ್ಟಾಗುತ್ತದೆ. ಇಂಟರ್‌ಕೂಲರ್ ಎಂದು ಹೆಸರಾದ ಈ ಶೀತಕವನ್ನು ಅಳವಡಿಸಿದ ಮೇಲೆ ಮಾಪಕದ ಮುಳ್ಳು ಮೊದಲಿಗಿಂತ ಕೆಳಗೆ ನಿಲ್ಲುವುದುಂಟು. ಏನೋ ಕೆಟ್ಟಿತೆಂದು ಗಾಬರಿಪಡುವವರೂ ಇದ್ದಾರೆ. ಮುಳ್ಳು ಅಷ್ಟು ದಿನ ತೋರಿಸುತ್ತಿದ್ದುದರಲ್ಲಿ ಒಂದು ಪಾಲು ಬರಿಯ ಶಾಖವೆಂಬುದು ಅವರಿಗೆ ಹೊಳೆದಿರುವುದಿಲ್ಲ.

ಈ ವಿವೇಕ ಒಮ್ಮೆಗೇ ಬಂದುದಲ್ಲ. ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ ರೂಟ್ಸ್ ಸೋದರರು 1860ರಲ್ಲಿ ಹಕ್ಕುಪತ್ರ ಪಡೆದ ಗಾಳಿಯಂತ್ರ ಕುಲುಮೆಗಳಿಗೂ ಗಣಿಗಳಿಗೂ ಉಪಯೋಗವಾಗುತ್ತಿದ್ದು, ಮುಂದೆ ಕಾರುಗಳಿಗೆ ಬಂದಿತು. 1923ರಲ್ಲಿ ಮೋನ್ಜಾದಲ್ಲಿ ನಡೆದ ಇಟಲಿಯ ಗ್ರ್ಯಾಂಡ್ ಪ್ರಿ ಪಂದ್ಯದಲ್ಲಿ ಫಿಯಟ್ ಗೆದ್ದುದು ಸೂಪರ್‌ಚಾರ್ಜರ್ ಉಳ್ಳ ಕಾರಿಗೆ ಆ ದರ್ಜೆಯಲ್ಲಿ ದೊರೆತ ಮೊದಲ ಜಯ. ಆಂಗ್ಲರ ಪ್ರಸಿದ್ಧ ‘ಬ್ಲೋಯರ್’ ಬೆಂಟ್ಲಿಯನ್ನು ಸ್ವತಃ ಬೆಂಟ್ಲಿಯವರೇ ಒಪ್ಪಿರಲಿಲ್ಲ. ಅದು ಲ ಮಾನ್ ಪಂದ್ಯವನ್ನು ಎಂದೂ ಗೆಲ್ಲಲಿಲ್ಲವೆಂಬುದನ್ನು ಅದರ ಚಿತ್ರವನ್ನು ಗೋಡೆಗೆ ತೂಗಿಸಿದವರು ನೆನೆಯುವುದು ಕಡಿಮೆ.

ನಿರ್ಣಾಯಕವಾದ ಪಾಠ ಬಂದದ್ದು ವಿಮಾನದ ಎಂಜಿನಿನಿಂದ. ರೋಲ್ಸ್‌ರಾಯ್ಸ್ ಸಂಸ್ಥೆಯ 27 ಲೀಟರಿನ ಮರ್ಲಿನ್ ಎಂಜಿನಿನಲ್ಲಿ ಸೂಪರ್‌ಚಾರ್ಜರಿನ ಚಕ್ರವನ್ನು ತಿರುಗಿಸುತ್ತಿದ್ದುದು ಬೆಲ್ಟಲ್ಲ, ಹಲ್ಲುಗಾಲಿಗಳು. ಆದರೂ ಹಲ್ಲುಗಳ ಪ್ರಮಾಣಕ್ಕೂ ರಾಟೆಯ ವ್ಯಾಸಕ್ಕೂ ತತ್ತ್ವ ಒಂದೇ. 1940ರಲ್ಲಿ 100 ಆಕ್ಟೇನಿನ ಪೆಟ್ರೋಲು ಬಂದಾಗ ತುಂಬುವ ಒತ್ತಡವನ್ನು 6¼ ಪೌಂಡಿನಿಂದ 12 ಪೌಂಡಿಗೆ ಏರಿಸಲು ಸಾಧ್ಯವಾಗಿ, ಸುಮಾರು 1,030 ಅಶ್ವಶಕ್ತಿಯ ಎಂಜಿನು 1,310 ಅಶ್ವಶಕ್ತಿಯನ್ನು ಕೊಟ್ಟಿತು. ಇಲ್ಲಿ ಸೀಮೆಯನ್ನು ಸರಿಸಿದುದು ಚಕ್ರವಲ್ಲ, ಶಾಖವನ್ನು ತಾಳುವ ಇಂಧನ. 1941ರ ಶರತ್ಕಾಲದಲ್ಲಿ ಜರ್ಮನರ ಫೊಕೆವುಲ್ಫ್ 190 ಎದುರಾದಾಗ ಇಷ್ಟೂ ಸಾಲದಾಯಿತು. ಸ್ಪಿಟ್‌ಫೈರ್ ಐದನೆಯ ಮಾದರಿ ಅದರ ಮುಂದೆ ಹಿಂದೆಬಿದ್ದಿತು. ವಿಮಾನಗಳೂ ವೈಮಾನಿಕರೂ ನಷ್ಟವಾಗತೊಡಗಿದರು.

ಆ ಮಾದರಿಯ ಮರ್ಲಿನ್ 45ರಲ್ಲಿ ಚಕ್ರದ ಪ್ರಮಾಣ 9.09ಕ್ಕೆ 1, ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗಿದಾಗ ಚಕ್ರ 27,000ಕ್ಕೂ ಮೀರಿ ತಿರುಗುತ್ತಿತ್ತು. ಸಾಮಾನ್ಯರ ತರ್ಕದಂತೆ ಅದನ್ನು ಮತ್ತೂ ವೇಗಗೊಳಿಸಬೇಕಾಗಿತ್ತು. 1938ರಲ್ಲಿ ಸಂಸ್ಥೆಯನ್ನು ಸೇರಿದ್ದ ಗಣಿತಜ್ಞ ಸ್ಟ್ಯಾನ್ಲಿ ಹೂಕರ್ ಮತ್ತು ಅವರ ಸಂಗಡಿಗರು ಹಾಗೆ ಮಾಡಲಿಲ್ಲ. ಎರಡು ಚಕ್ರಗಳನ್ನು ಒಂದರ ಹಿಂದೊಂದಿಟ್ಟು, ಒತ್ತುವ ಕೆಲಸವನ್ನು ಎರಡು ಹಂತಗಳಿಗೆ ಹಂಚಿ, ಕೊನೆಯಲ್ಲಿ ದ್ರವದಿಂದ ತಣಿಸುವ ಶೀತಕವೊಂದನ್ನು ಇಟ್ಟರು. ಹೀಗೆ ಹುಟ್ಟಿದ ಮರ್ಲಿನ್ 61ರಲ್ಲಿ ಮೇಲಿನ ಪ್ರಮಾಣ 8.03ಕ್ಕೆ 1, ಎಂದರೆ ಹಳೆಯದಕ್ಕಿಂತ ಕಡಿಮೆ! ಮೊದಲ ಚಕ್ರ ತುಸು ದೊಡ್ಡದಾಗಿದ್ದುದರಿಂದ ಅಂಚಿನ ವೇಗ ಹೆಚ್ಚುಕಡಮೆ ಹಿಂದಿನಷ್ಟೇ ಉಳಿಯಿತೆಂಬುದು ನಿಜ. ಆದರೆ ಅದು ಏರಲಿಲ್ಲವೆಂಬುದೇ ಇಲ್ಲಿ ಗಮನಾರ್ಹ. ಶೀತಕಕ್ಕೆ ತೂಕ ತೆರಬೇಕಾಯಿತು, ಅದರ ದ್ರವವನ್ನು ತಣಿಸಲು ರೇಡಿಯೇಟರನ್ನು ತೆರಬೇಕಾಯಿತು. ಹಿಂದೆ ಬಲರೆಕ್ಕೆಯ ಕೆಳಗೆ ಮಾತ್ರ ದೊಡ್ಡ ರೇಡಿಯೇಟರನ್ನು ಹೊತ್ತಿದ್ದ ಸ್ಪಿಟ್‌ಫೈರ್ ಒಂಬತ್ತನೆಯ ಮಾದರಿಯಲ್ಲಿ ಎರಡೂ ರೆಕ್ಕೆಗಳ ಕೆಳಗೆ ಸಮನಾದ ಪೆಟ್ಟಿಗೆಗಳನ್ನು ಹೊತ್ತಿತು. 1942ರ ಜುಲೈಯಲ್ಲಿ ಯುದ್ಧಕ್ಕಿಳಿದ ಈ ವಿಮಾನದ ವೇಗ ಗಂಟೆಗೆ 400 ಮೈಲಿಗಳನ್ನು ದಾಟಿತು. ಹಿಂದಿನದರ ವೇಗ ಸುಮಾರು 370.

ಶಾಖವನ್ನು ಇಂಧನದಿಂದಲೇ ಹೀರಿಸುವ ಮಾರ್ಗವೂ ಉಂಟು. ಒಂದೂವರೆ ಲೀಟರಿನ ಆಲ್ಫಾ ರೋಮಿಯೋ 159 ಮೆಥನಾಲನ್ನು ಯಥೇಚ್ಛವಾಗಿ ಸುರಿದು, ಅದು ಆವಿಯಾಗುವಾಗಿನ ತಂಪಿನಿಂದ 400ಕ್ಕೂ ಮೀರಿದ ಅಶ್ವಶಕ್ತಿಯನ್ನು ಪಡೆಯಿತು; ಗ್ಯಾಲನ್ನಿಗೆ ಓಡುತ್ತಿದ್ದುದು ಸುಮಾರು ಒಂದೂವರೆ ಮೈಲಿ. 1951ರಲ್ಲಿ ಸಿಲ್ವರ್‌ಸ್ಟನ್ನಿನಲ್ಲಿ ಸೂಪರ್‌ಚಾರ್ಜರೇ ಇಲ್ಲದ ಫೆರಾರಿ ಅದನ್ನು ಸೋಲಿಸಿತು.

ಇತ್ತೀಚಿನ ಉದಾಹರಣೆಯಾಗಿ 2006ರವರೆಗೆ ತಯಾರಾದ ಮಿನಿ ಕೂಪರ್ ಎಸ್ ಕಾರನ್ನು ನೋಡಬಹುದು. 1.6 ಲೀಟರಿನ ಈ ಎಂಜಿನಿಗೆ ಈಟನ್ ಸಂಸ್ಥೆಯ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಇದೆ. ನೂರಕ್ಕೆ 15 ಚಿಕ್ಕದಾದ ರಾಟೆ ಇದರ ಒಡೆಯರಲ್ಲಿ ಬಹು ಪ್ರಚಾರದಲ್ಲಿದೆ. ಇದರ ಇಂಟರ್‌ಕೂಲರ್ ಕುಳಿತಿರುವುದು ಎಂಜಿನಿನ ನೆತ್ತಿಯ ಮೇಲೆ. ಬಾನೆಟ್ಟಿನ ಬಾಯಿಯಿಂದ ಗಾಳಿ ನುಗ್ಗಿದಾಗ ಮಾತ್ರ ಅದು ತಣಿಯುತ್ತದೆ. ವಾಹನಗಳ ಸಂದಣಿಯಲ್ಲಿ ಕಾರು ನಿಂತರೆ ಕೆಳಗಿನ ಎಂಜಿನು ಶೀತಕವನ್ನೇ ಕಾಯಿಸುತ್ತದೆ. ಅಂಥ ಸ್ಥಿತಿಯಲ್ಲಿ ಇನ್ನೂ ಚಿಕ್ಕ ರಾಟೆಯನ್ನು ಹಾಕುವುದು, ನನ್ನ ಅಭಿಪ್ರಾಯದಲ್ಲಿ, ಹಣ ಕೊಟ್ಟು ಜ್ವರವನ್ನು ಕೊಂಡಂತೆ. ನಾಕಿಂಗನ್ನು ಗುರುತಿಸುವ ಸಾಧನವುಳ್ಳ ಈಗಿನ ಎಂಜಿನುಗಳು ಅಪಾಯವನ್ನರಿತು ಕಿಡಿಯನ್ನು ತಡವಾಗಿ ಹಾರಿಸಿ ತಮ್ಮನ್ನು ಉಳಿಸಿಕೊಳ್ಳುತ್ತವೆ. ಆದರೆ ರಾಟೆ ಕೊಟ್ಟ ಬಲವನ್ನು ಅಲ್ಲಿಗೆ ಹಿಂದಕ್ಕೆ ಕಿತ್ತುಕೊಳ್ಳುತ್ತವೆ.

ಆದುದರಿಂದ ಮೊದಲು ಕೊಳ್ಳಬೇಕಾದುದು ಒಂದು ಉಷ್ಣಮಾಪಕ. ಶೀತಕವನ್ನು ದಾಟಿ ಎಂಜಿನಿಗೆ ಹೋಗುವ ಗಾಳಿಯ ಉಷ್ಣತೆಯನ್ನು ಪಂದ್ಯದ ಹಾದಿಯಲ್ಲಿ ಒಂದು ಸಲವಲ್ಲ, ಮೂರು ನಾಲ್ಕು ಸಲ ಬೆನ್ನುಬೆನ್ನಿಗೆ ಓಡಿಸಿ ನೋಡಬೇಕು. ಪ್ರತಿ ಓಟದಲ್ಲಿಯೂ ಉಷ್ಣತೆ ಏರುತ್ತಲೇ ಹೋದರೆ ಇರುವ ರಾಟೆಗೇ ಶೀತಕ ಸಾಲದೆಂದು ಅರ್ಥ. ಅಲ್ಲಿ ಶೀತಕವನ್ನು ಹಿಗ್ಗಿಸಬೇಕು. ನೀರಿನಿಂದ ತಣಿಸುವ ಬಗೆಯದಾದರೆ ಪಂಪನ್ನೂ ಮುಂದಿನ ರೇಡಿಯೇಟರನ್ನೂ ಪರೀಕ್ಷಿಸಬೇಕು, ಏಕೆಂದರೆ ಕಾಲು ಮೈಲಿಯ ಓಟದಲ್ಲಿ ತೊಟ್ಟಿಯ ನೀರು ತಣ್ಣಗಿದ್ದರೂ ದೀರ್ಘವಾದ ಪಂದ್ಯದಲ್ಲಿ ಅದೇ ನೀರು ಕಾದು ನಿಷ್ಪ್ರಯೋಜಕವಾಗುತ್ತದೆ. ಉಷ್ಣತೆ ಒಂದೆಡೆ ನಿಂತರೆ ಒಂದು ಹಂತ ಚಿಕ್ಕ ರಾಟೆಯನ್ನು ಹಾಕಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಬಹುದು. ಆಗ ಸೂಪರ್‌ಚಾರ್ಜರಿಗೆ ತಯಾರಕರು ವಿಧಿಸಿದ ವೇಗದ ಮಿತಿಯನ್ನು ಮೀರಿಲ್ಲವಷ್ಟೆ ಎಂಬುದನ್ನೂ, ಚಿಕ್ಕ ರಾಟೆಯನ್ನು ಬೆಲ್ಟು ಸುತ್ತುವ ಭಾಗ ಕಡಿಮೆಯಾಗಿ ಅದು ಜಾರುತ್ತಿಲ್ಲವಷ್ಟೆ ಎಂಬುದನ್ನೂ ನೋಡಿಕೊಳ್ಳಬೇಕು. ಜಾರುವ ಬೆಲ್ಟು ತಾನೂ ಕಾಯುತ್ತದೆ, ರಾಟೆಯನ್ನೂ ಕಾಯಿಸುತ್ತದೆ.