ಬಾಯಿಯ ದುರ್ವಾಸನೆ ತಡೆಯುವಲ್ಲಿ ಹಲ್ಲುಸಂದಿಯ ಸ್ವಚ್ಛತೆ – ಅತ್ತಾವರದ ನಾಗರಿಕರಿಗೆ ಮಾಹಿತಿ

ಬಾಯಿಯ ದುರ್ವಾಸನೆಯು ಅನೇಕರನ್ನು ಬಾಧಿಸುವ, ಆದರೆ ಹೇಳಿಕೊಳ್ಳಲು ಸಂಕೋಚವಾಗುವ ತೊಂದರೆಯಾಗಿದೆ. ಅದು ಇರುವ ವ್ಯಕ್ತಿಗೆ ಹಲವು ವೇಳೆ ತಿಳಿದಿರುವುದಿಲ್ಲ. ತಿಳಿದ ಮನೆಯವರು ಹೇಳಲು ಹಿಂಜರಿಯುತ್ತಾರೆ. ಏಲಕ್ಕಿ, ಲವಂಗ ಅಥವಾ ವೀಳ್ಯದೆಲೆ ಜಗಿದರೆ ವಾಸನೆ ಸ್ವಲ್ಪ ಹೊತ್ತು ಮರೆಯಾಗುವುದೇ ಹೊರತು ಅದರ ಮೂಲ ಹಾಗೆಯೇ ಉಳಿಯುತ್ತದೆ. ಆ ಮೂಲವು ಒಸಡಿನ ರೋಗವಾಗಿದ್ದಲ್ಲಿ, ಕಾಲಕ್ರಮದಲ್ಲಿ ಗಟ್ಟಿಯಾದ ಹಲ್ಲೂ ಸಡಿಲಗೊಂಡು ಬಿದ್ದುಹೋಗುವ ಸಂಭವವಿರುತ್ತದೆ.

ದುರ್ವಾಸನೆ ಉಂಟಾಗುವ ಬಗೆ:

ಬಹುತೇಕ ಸಂದರ್ಭಗಳಲ್ಲಿ ದುರ್ವಾಸನೆಯ ಮೂಲ ಹೊಟ್ಟೆಯಲ್ಲಿ ಅಲ್ಲ, ಬಾಯಿಯಲ್ಲಿಯೇ ಇರುತ್ತದೆ. ಗಾಳಿಯಾಡದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಆಹಾರದ ಹಾಗೂ ಉದುರಿದ ಜೀವಕೋಶಗಳ ಪ್ರೋಟೀನನ್ನು ಕೊಳೆಯಿಸಿ, ಗಂಧಕಯುಕ್ತ ಅನಿಲಗಳನ್ನು ಬಿಡುಗಡೆ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಇವುಗಳಲ್ಲೊಂದು. ನಾಲಿಗೆಯ ಹಿಂಭಾಗ, ಹಲ್ಲುಗಳ ಸಂದಿ ಮತ್ತು ಒಸಡಿನ ಅಂಚು ಇವುಗಳಿಗೆ ಅನುಕೂಲವಾದ ಸ್ಥಳಗಳು. ನಿದ್ರೆಯಲ್ಲಿ ಜೊಲ್ಲು ಕಡಿಮೆ ಸ್ರವಿಸುವುದರಿಂದ ಬೆಳಗಿನ ವೇಳೆ ವಾಸನೆ ಹೆಚ್ಚು.

ಬ್ರಷ್ ತಲುಪದ ಸ್ಥಳ:

ಬ್ರಷ್ ಹಲ್ಲಿನ ಹೊರ, ಒಳ ಹಾಗೂ ಜಗಿಯುವ ಮೇಲ್ಮೈಗಳನ್ನು ಶುಚಿಗೊಳಿಸುತ್ತದೆ. ಪಕ್ಕದ ಹಲ್ಲಿಗೆ ತಾಗಿಕೊಂಡಿರುವ ಎರಡು ಬದಿಗಳಿಗೆ ಅದರ ಎಳೆಗಳು ಸರಿಯಾಗಿ ತಲುಪುವುದಿಲ್ಲ. ಕರಾವಳಿಯ ಊಟದಲ್ಲಿ ಸಾಮಾನ್ಯವಾದ ಮೀನಿನ ತುಣುಕು ಹಾಗೂ ತೆಂಗಿನ ತುರಿ, ಊಟದ ನಂತರ ಜಗಿಯುವ ಅಡಿಕೆಯ ಚೂರು ಈ ಸಂದಿಗಳಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಅವುಗಳನ್ನು ಸೇಫ್ಟಿ ಪಿನ್ ಅಥವಾ ಬೆಂಕಿಕಡ್ಡಿಯಿಂದ ತೆಗೆಯುವ ಅಭ್ಯಾಸವು ಒಸಡಿಗೆ ಗಾಯ ಮಾಡುವುದರಿಂದ ಅದನ್ನು ಕೈಬಿಡತಕ್ಕದ್ದು. ಇದಕ್ಕಾಗಿಯೇ ತಯಾರಾದ ತೆಳುವಾದ ದಾರಕ್ಕೆ ಡೆಂಟಲ್ ಫ್ಲಾಸ್ ಎನ್ನುತ್ತಾರೆ. ಇದು ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ.

ಫ್ಲಾಸ್ ಬಳಸುವ ವಿಧಾನ:

1. ಸುಮಾರು 45 ಸೆಂ.ಮೀ. ಉದ್ದದ ದಾರವನ್ನು ತೆಗೆದುಕೊಂಡು, ಎರಡೂ ಕೈಗಳ ನಡುಬೆರಳುಗಳಿಗೆ ಸುತ್ತಿಕೊಳ್ಳಬೇಕು.
2. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಸ್ವಲ್ಪವೇ ದಾರವನ್ನು ಬಿಗಿಯಾಗಿ ಹಿಡಿದು, ಹಲ್ಲುಗಳ ಸಂದಿಗೆ ಮೆಲ್ಲನೆ ಇಳಿಸಬೇಕು. ರಭಸದಿಂದ ಒತ್ತಬಾರದು.
3. ದಾರವನ್ನು ಬಿಲ್ಲಿನಂತೆ ಬಾಗಿಸಿ, ಒಂದು ಹಲ್ಲಿನ ಬದಿಗೆ ಒತ್ತಿ ಹಿಡಿದು, ಒಸಡಿನ ಅಂಚಿನಿಂದ ಮೇಲೆ-ಕೆಳಗೆ ಉಜ್ಜಬೇಕು. ಅನಂತರ ಪಕ್ಕದ ಹಲ್ಲಿನ ಬದಿಗೂ ಹಾಗೆಯೇ ಮಾಡಬೇಕು.
4. ಪ್ರತಿ ಸಂದಿಗೂ ದಾರದ ಹೊಸ ಭಾಗವನ್ನು ಬಳಸಬೇಕು. ಕೊನೆಯ ದವಡೆ ಹಲ್ಲಿನ ಹಿಂಬದಿಯನ್ನು ಬಿಡಬಾರದು.
5. ದಿನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ಮಾಡಿದರೆ ಸೂಕ್ತ.

ಬಳಸಿದ ದಾರವನ್ನು ಮೂಸಿ ನೋಡಿದಲ್ಲಿ ಯಾವ ಸಂದಿಯಿಂದ ವಾಸನೆ ಬರುತ್ತಿದೆ ಎಂಬುದು ಮನೆಯಲ್ಲಿಯೇ ತಿಳಿಯುತ್ತದೆ. ಹೊಲಿಗೆಯ ದಾರ ಒಸಡನ್ನು ಕೊಯ್ಯಬಹುದಾದ ಕಾರಣ ಅದನ್ನು ಬಳಸಬಾರದು.

ಗಮನಿಸಬೇಕಾದ ಅಂಶಗಳು:

ಫ್ಲಾಸ್ ಒಂದರಿಂದಲೇ ದುರ್ವಾಸನೆ ನೀಗುವುದೆಂದು ಭಾವಿಸಬಾರದು. ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು ಮತ್ತು ನಾಲಿಗೆಯನ್ನು ಶುಚಿಗೊಳಿಸುವುದು ಅಷ್ಟೇ ಅಗತ್ಯ. 2019ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು, ಬ್ರಷ್ ಜೊತೆಗೆ ಫ್ಲಾಸ್ ಅಥವಾ ಹಲ್ಲುಸಂದಿಯ ಚಿಕ್ಕ ಬ್ರಷ್ ಬಳಸಿದಲ್ಲಿ ಒಸಡಿನ ಉರಿಯೂತ ಬರೀ ಬ್ರಷ್ ಬಳಸುವುದಕ್ಕಿಂತ ಕಡಿಮೆಯಾಗಬಹುದು ಎಂದು ತಿಳಿಸಿದೆ; ಆದರೆ ಲಭ್ಯ ಪುರಾವೆಗಳು ಅಷ್ಟು ಬಲವಾಗಿಲ್ಲವೆಂದೂ ಅದು ಹೇಳಿದೆ. ಸಂದಿಗಳು ಅಗಲವಾಗಿರುವವರಿಗೆ ಈ ಚಿಕ್ಕ ಬ್ರಷ್ ಹೆಚ್ಚು ಅನುಕೂಲ.

ಮೊದಲ ಕೆಲವು ದಿನ ಒಸಡಿನಿಂದ ಅಲ್ಪ ರಕ್ತ ಕಾಣಿಸಬಹುದು. ಅದಕ್ಕೆ ಹೆದರಿ ಸ್ವಚ್ಛತೆಯನ್ನು ನಿಲ್ಲಿಸಿದರೆ ಉರಿಯೂತ ಮುಂದುವರಿಯುತ್ತದೆ. ಎರಡು ವಾರಗಳ ನಂತರವೂ ರಕ್ತಸ್ರಾವ ಅಥವಾ ವಾಸನೆ ನಿಲ್ಲದಿದ್ದಲ್ಲಿ, ಹಲ್ಲು ಅಲುಗಾಡುತ್ತಿದ್ದಲ್ಲಿ ಅಥವಾ ಕೀವು ಕಂಡುಬಂದಲ್ಲಿ ದಂತವೈದ್ಯರನ್ನು ಕಾಣತಕ್ಕದ್ದು. ಮಧುಮೇಹ ಇರುವವರಲ್ಲಿ ಒಸಡಿನ ರೋಗ ತೀವ್ರಗೊಳ್ಳುವ ಸಂಭವ ಹೆಚ್ಚಾದ್ದರಿಂದ ಅವರು ವಿಳಂಬ ಮಾಡಬಾರದು. ಗಟ್ಟಿಯಾಗಿ ಅಂಟಿದ ಪಾಚಿಯು ದಾರದಿಂದ ಹೋಗುವುದಿಲ್ಲ. ಅದಕ್ಕೆ ಸ್ಕೇಲಿಂಗ್ ಮಾಡಿಸಬೇಕು. ಸ್ಕೇಲಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಡಿಕೆ ಮತ್ತು ತಂಬಾಕು ಬಾಯಿಯ ಕ್ಯಾನ್ಸರಿಗೂ ಕಾರಣವಾಗುವುದರಿಂದ ವಾಸನೆ ಮರೆಮಾಚಲು ಅವುಗಳನ್ನು ಜಗಿಯುವುದು ಅಪಾಯಕರ.

ತಪಾಸಣೆಗೆ ಎಲ್ಲಿ ಹೋಗಬೇಕು?

ಅತ್ತಾವರದ ನಿವಾಸಿಗಳಿಗೆ ಸಮೀಪದ ಸರ್ಕಾರಿ ಜಿಲ್ಲಾ ಆಸ್ಪತ್ರೆಯೆಂದರೆ ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ. ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ 1987ರಲ್ಲಿ ಸ್ಥಾಪನೆಯಾದ ಮಣಿಪಾಲ ದಂತ ವೈದ್ಯಕೀಯ ಕಾಲೇಜು ಹಾಗೂ ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿಯೂ ಹೊರರೋಗಿಗಳ ತಪಾಸಣೆ ನಡೆಯುತ್ತದೆ. ಬಿ.ಪಿ.ಎಲ್. ಪಡಿತರ ಚೀಟಿ ಮತ್ತು ಹಿಂದಿನ ಚಿಕಿತ್ಸೆಯ ದಾಖಲೆಗಳಿದ್ದಲ್ಲಿ ಜೊತೆಯಲ್ಲಿ ಒಯ್ಯುವುದು ಒಳಿತು. ಸೇವಿಸುತ್ತಿರುವ ಔಷಧಿಗಳ ವಿವರವನ್ನು, ವಿಶೇಷವಾಗಿ ರಕ್ತ ತೆಳುವಾಗಿಸುವ ಮಾತ್ರೆಗಳ ವಿವರವನ್ನು, ವೈದ್ಯರಿಗೆ ತಿಳಿಸತಕ್ಕದ್ದು.

ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಕೃತಕ ದಂತಪಂಕ್ತಿ ಒದಗಿಸಲು ರಾಜ್ಯ ಸರ್ಕಾರವು 2014-15ನೇ ಸಾಲಿನಲ್ಲಿ ‘ದಂತಭಾಗ್ಯ’ ಯೋಜನೆಯನ್ನು ಆರಂಭಿಸಿತು. ಆದರೂ ಕೃತಕ ಹಲ್ಲು ಸ್ವಂತ ಹಲ್ಲಿಗೆ ಸಮನಾಗಲಾರದು. ಆದುದರಿಂದ ಸಾರ್ವಜನಿಕರು ದುರ್ವಾಸನೆಯನ್ನು ನಾಚಿಕೆಯ ವಿಷಯವೆಂದು ಮುಚ್ಚಿಡದೆ, ಮುನ್ಸೂಚನೆಯೆಂದು ತಿಳಿದು, ಸಕಾಲದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ.